ನೆಟ್ ಇದೆ, ಆದರೆ ಏನೂ ತೆರೆಯುತ್ತಿಲ್ಲ!

ಈ ಕಂಪ್ಯೂಟರ್ ಸ್ಕ್ರೀನ್ ನೋಡಿ. ಯಾವ ವೆಬ್‌ಸೈಟ್ ತೆರೆದರೂ ಇದೇ ಎಚ್ಚರಿಕೆ. ಸಂಪರ್ಕ ಸುರಕ್ಷಿತವಲ್ಲವಂತೆ. ಮೇಲ್ ತೆರೆಯುತ್ತಿಲ್ಲ, ಬ್ಯಾಂಕ್ ತೆರೆಯುತ್ತಿಲ್ಲ. ಅದೇ ವೈಫೈನಲ್ಲಿ ಫೋನ್ ಮಾತ್ರ ಆರಾಮಾಗಿ ಓಡುತ್ತಿದೆ.

ರೂಟರ್ ಆಫ್ ಮಾಡಿದ್ದು, ಕೇಬಲ್ ಕಿತ್ತು ಹಾಕಿದ್ದು ಎಲ್ಲ ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡುತ್ತಿದೆ, ನೋಡಿಕೊಳ್ಳಿ.

ಅಷ್ಟರಲ್ಲಿ ಅಣ್ಣ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿಬಿಟ್ಟ. ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೊದಲು ಒಂದನ್ನು ಒತ್ತಿ, ಆಮೇಲೆ ನಾಲ್ಕನ್ನು ಒತ್ತಿ. ಆಮೇಲೆ ಸಂಗೀತ. ಮಧ್ಯದಲ್ಲಿ ಒಬ್ಬಾಕೆ ಬಂದು, ಬೇಗ ಪರಿಹಾರ ಬೇಕಿದ್ದರೆ ನಮ್ಮ ವೆಬ್‌ಸೈಟ್‌ಗೆ ಹೋಗಿ ಅನ್ನುತ್ತಾಳೆ. ಅಲ್ಲಮ್ಮಾ, ವೆಬ್‌ಸೈಟ್ ತೆರೆದಿದ್ದರೆ ನಿಮಗ್ಯಾಕೆ ಫೋನ್ ಮಾಡುತ್ತಿದ್ದೆವು? ಸರಿ, ಫೋನ್‌ನಲ್ಲೇ ಹೋದೆವು ಅಂದುಕೊಳ್ಳಿ. ದೂರು ಕೊಡೋಕೆ ಲಾಗಿನ್, ಲಾಗಿನ್‌ಗೆ ಒಟಿಪಿ, ಒಟಿಪಿ ಬರುವುದು ಅಣ್ಣನ ಹಳೇ ಮೇಲ್‌ಗೆ, ಆ ಮೇಲ್‌ನ ಪಾಸ್‌ವರ್ಡ್ ಇರುವುದು ಈ ಕಂಪ್ಯೂಟರ್‌ನಲ್ಲಿ! ಕೊನೆಗೆ ಒಬ್ಬ ಹುಡುಗ ಸಿಕ್ಕ. 'ಸರ್, ರೂಟರ್‌ನಲ್ಲಿ ಹಸಿರು ಲೈಟ್ ಇದೆಯಾ?' ಇದೆ. 'ಹಾಗಾದರೆ ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್.' ಅಷ್ಟೇ. ಮೈ ಉರಿದುಹೋಯಿತು. ಆದರೆ ಪಾಪ, ಅವನು ಹೇಳಿದ್ದು ನಿಜ.

ಮೂಲೆಯಲ್ಲಿ ತಾರೀಖು ನೋಡಿ, ಝೂಮ್ ಮಾಡುತ್ತೇನೆ. 2017, ಜನವರಿ 1. ಸುರಕ್ಷಿತ ವೆಬ್‌ಸೈಟ್‌ಗೆಲ್ಲ ಒಂದು ಸರ್ಟಿಫಿಕೇಟ್ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದಕ್ಕೊಂದು ಅವಧಿ. 2017ರಲ್ಲಿ ಕೂತಿರುವ ಕಂಪ್ಯೂಟರ್ ಲೆಕ್ಕದಲ್ಲಿ ಇವತ್ತಿನ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಒಳಗೆ ಬಿಡುತ್ತಿಲ್ಲ.

ನೆಟ್‌ನಿಂದ ಟೈಮ್ ತಾನೇ ಸರಿ ಮಾಡಿಕೊಳ್ಳಬೇಕಲ್ವಾ? ಮಾಡಿಕೊಳ್ಳುತ್ತದೆ. ಆದರೆ ವಿಂಡೋಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ, ಮನೆ ಕಂಪ್ಯೂಟರಿನ ಗಡಿಯಾರ 15 ಗಂಟೆಗಿಂತ ಜಾಸ್ತಿ ತಪ್ಪಿದ್ದರೆ ಅದು ಸುಮ್ನೆ ಕೈಬಿಡುತ್ತದೆ. ನಾಲ್ಕು ನಿಮಿಷ ಹಿಂದಿದ್ದರೆ ತಿದ್ದುತ್ತದೆ, ವರ್ಷಗಟ್ಟಲೆ ಹಿಂದಿದ್ದರೆ ಕೇಳುವವರಿಲ್ಲ. ಇದೆಂಥ ನ್ಯಾಯ?

ಕೈಯಿಂದ ತಾರೀಖು ಹಾಕಿದರೆ ಎಲ್ಲ ತೆರೆಯುತ್ತದೆ. ಪ್ಲಗ್ ಕಿತ್ತರೆ ಮತ್ತೆ 2017. ಅಲ್ಲಿಗೆ ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದೆ ಅಂತಾಯಿತು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ.

ಇದು ಸಿಆರ್2032. 20 ಮಿಲಿಮೀಟರ್ ಅಗಲ, 3 ವೋಲ್ಟ್. ಪಕ್ಕದ ಕ್ಲಿಪ್ ಒತ್ತಿದರೆ ತಾನೇ ಮೇಲೆ ಏಳುತ್ತದೆ. ಏಳುವುದೇನು, ಹಾರಿತು! ಗ್ರಾಫಿಕ್ಸ್ ಕಾರ್ಡ್ ಕೆಳಗೆ ಹೋಗಿ ಕೂತಿದೆ. ಟಾರ್ಚ್ ಹಿಡಿ ಅಣ್ಣಾ. ಅಬ್ಬಾ, ಫ್ಯಾನ್ ರೆಕ್ಕೆ ಮೇಲೆ ಧೂಳು ಕಂಬಳಿ ಹೊದ್ದಂತೆ ಕೂತಿದೆ. ಡೆಸ್ಕ್‌ಟಾಪ್ ಸಹವಾಸವೇ ಬೇಡ, ಲ್ಯಾಪ್‌ಟಾಪ್ ತಗೊಂಡುಬಿಡಬೇಕು. ಊಹೂಂ, ಅದರಲ್ಲಿ ಈ ಬ್ಯಾಟರಿ ಹುಡುಕೋಕೆ ಹಿಂಬದಿ ಪೂರ್ತಿ ಬಿಚ್ಚಬೇಕು. ಇದೇ ಇರಲಿ.

ಅಂದ ಹಾಗೆ, ಇವತ್ತು ಬೆಳಗ್ಗೆ ನಾನೇ ಬರೆದ ಲೆಕ್ಕದ ಹಾಳೆ ನೋಡೋಕೆ ಆಗಲಿಲ್ಲ. ಕ್ಲೌಡ್‌ನಲ್ಲಿದೆ. ಫೋಟೊಗಳೂ ಅಲ್ಲೇ. ಇನ್ನು ಮುಂದೆ ಎಲ್ಲ ಹಾರ್ಡ್ ಡಿಸ್ಕ್‌ನಲ್ಲೇ ಇಡುತ್ತೇನೆ. ಅದೂ ಕೆಟ್ಟರೆ? ಬೇಡ, ಎರಡೂ ಕಡೆ ಇರಲಿ.

ಹಾಂ, ಹಾರಿದ ಬ್ಯಾಟರಿ ಸಿಕ್ಕಿತು. ಹೊಸದನ್ನು ಹಾಕುವಾಗ ಪ್ಲಸ್ ಗುರುತು ಮೇಲೆ ಇರಬೇಕು. ಆನ್ ಮಾಡಿದ ತಕ್ಷಣ ಬಯಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆಗೆ, ಹೋಗಿ ತಾರೀಖು ಹಾಕಿ. ಹಳೇ ಸೆಟ್ಟಿಂಗ್‌ಗಳೂ ಅಳಿಸಿಹೋಗಿರಬಹುದು, ಯಾವ ಡಿಸ್ಕ್‌ನಿಂದ ಶುರುವಾಗಬೇಕು ಅನ್ನುವುದನ್ನು ಒಮ್ಮೆ ನೋಡಿಕೊಳ್ಳಿ. ಸೇವ್ ಮಾಡಿ ಹೊರಗೆ ಬಂದೆ. ಪ್ಲಗ್ ಕಿತ್ತೆ, ಮತ್ತೆ ಹಾಕಿದೆ. ತಾರೀಖು ಸರಿ ಇದೆ, ಮೇಲ್ ತೆರೆಯಿತು. ಆ ಧೂಳು? ಅದಕ್ಕೆ ಇನ್ನೊಂದು ವಿಡಿಯೊ ಮಾಡೋಣ, ಕ್ಯಾಮೆರಾ ಚಾರ್ಜ್ ಮುಗಿಯುತ್ತಾ ಬಂತು.