ಸ್ಟಾರ್ಟ್ ಆದರೂ ಬಂದ್ ಬೀಳುವ ಮಾವನ ಮಾರುತಿ 800

ಮೊದಲು ಈ ಶಬ್ದ ಕೇಳಿ. ಸೆಲ್ಫ್ ಗಟ್ಟಿಯಾಗಿಯೇ ತಿರುಗುತ್ತಿದೆ, ಇಂಜಿನ್ ಮಾತ್ರ ಹಿಡಿಯುತ್ತಿಲ್ಲ. ಹೇಗೋ ಹಿಡಿದರೂ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಬಂದ್.

ಇದು ಕಾಸರಗೋಡಿನ ಬದಿಯಡ್ಕದಲ್ಲಿರುವ ನನ್ನ ಮಾವನ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್ ಇರುವ ಹಳೇ ಮಾಡೆಲ್. ಮಾವನದ್ದು ಒಂದೇ ಮಾತು: "ಕಾರ್ಬೊರೇಟರ್ ಹೋಯ್ತು ಮಾರಾಯ, ಹೊಸತು ಹಾಕಿಸುವ." ಹಳೇ ಕಾರಿನಲ್ಲಿ ಏನಾದ್ರೂ ಕಾರ್ಬೊರೇಟರ್ ತಲೆಗೇ ಕಟ್ಟುವುದು ನಮ್ಮ ಕಡೆಯ ಅಭ್ಯಾಸ, ಅಲ್ವಾ?

ಸ್ಪ್ಯಾನರ್ ಹಿಡಿಯುವ ಮೊದಲು ಮಾವನ ಹತ್ತಿರ ಒಂದು ಪ್ರಶ್ನೆ ಕೇಳಿದೆ. ತೊಂದರೆ ಯಾವಾಗ? ತಣ್ಣಗಿರುವಾಗಲಾ, ಬಿಸಿಯಾದ ಮೇಲಾ, ಮಳೆ ಬಂದಾಗಲಾ? ಉತ್ತರದಲ್ಲೇ ಅರ್ಧ ಕೆಲಸ ಮುಗಿಯಿತು. ಸ್ಟಾರ್ಟಿಂಗ್ ಕಷ್ಟ ಇರುವುದು ಜೋರು ಮಳೆಯ ಮರುದಿನ ಮಾತ್ರ. ಐಡ್ಲಿಂಗ್, ಅಂದ್ರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವುದು, ಮಾತ್ರ ಬಿಸಿಲಿದ್ದರೂ ಆಗುವುದಿಲ್ಲ. ಅಂದ್ರೆ ರೋಗ ಒಂದಲ್ಲ, ಎರಡು.

ಬ್ಯಾಟರಿ ಬೇಗ ಮುಗಿಸೋಣ. ಸುಮ್ನೆ ನಿಂತಾಗ ಮೀಟರ್‌ನಲ್ಲಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10ರ ಮೇಲೆ. ಇದು ಸರಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ನೋಡಬೇಕಿತ್ತು.

ಈಗ ಕರೆಂಟ್. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದೆ. ಕ್ಯಾಮೆರಾ ಹತ್ತಿರ ತರ್ತೇನೆ, ನೋಡಿ. ಒಳಗೆ ಮಂಜು ಹಿಡಿದ ಹಾಗೆ ಪಸೆ. ಅದರ ಮಧ್ಯೆ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ. ಅದು ಕೊಳೆ ಅಲ್ಲ, ಒರೆಸಿದರೆ ಹೋಗುವುದಿಲ್ಲ. ಸ್ಪಾರ್ಕ್ ದಾರಿ ತಪ್ಪಿ ಹರಿದು ಪ್ಲಾಸ್ಟಿಕ್ ಸುಟ್ಟ ಗುರುತು. ತೇವ ಸೇರಿದರೆ ಪ್ಲಗ್‌ಗೆ ಹೋಗಬೇಕಾದ ಕರೆಂಟ್ ಈ ಗೆರೆಯಲ್ಲೇ ಸೋರಿ ಹೋಗುತ್ತದೆ. ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ತೇವಕ್ಕೇನು ಬರ? ಹೊಸ ಕ್ಯಾಪ್ ಹಾಕಿ, ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್ ಕರಿಹಿಡಿದಿತ್ತು, ಅದನ್ನು ಉಜ್ಜಿ, ಗ್ಯಾಪ್ ಸರಿಮಾಡಿ, ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದು ಕೀ ತಿರುಗಿಸಿದೆ. ಹಿಡಿಯಿತು!

ಐಡ್ಲಿಂಗ್ ಮಾತ್ರ ಹಾಗೇ ಇದೆ. ಪ್ಲಗ್ ಬಿಚ್ಚಿ ಬಣ್ಣ ನೋಡಿದೆ. ಕಾಫಿ ಬಣ್ಣ ಇದ್ದರೆ ಚೆನ್ನ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಇಲ್ಲಿ ಎರಡು ಕಾಫಿ ಬಣ್ಣ, ಒಂದು ಮಾತ್ರ ಬಿಳಿಚಿದೆ. ಆ ಸಿಲಿಂಡರಿಗೆ ಗಾಳಿ ಜಾಸ್ತಿ ಹೋಗುತ್ತಿದೆ. ಚೋಕ್ ಅರ್ಧ ಎಳೆದರೆ ಇಂಜಿನ್ ಬಂದ್ ಬೀಳುವುದಿಲ್ಲ, ಅದೂ ಇದನ್ನೇ ಹೇಳುತ್ತದೆ. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಐಡಲ್ ಜೆಟ್, ಕಟ್ಟಿದ್ದರೂ ಹೀಗೇ ಆಗಬಹುದು, ಆದರೆ ಆಗ ಮೂರೂ ಪ್ಲಗ್ ಬಿಳಿಚಬೇಕಿತ್ತು.

ಮೆಕ್ಯಾನಿಕ್ ಅಣ್ಣ ಒಬ್ಬರು ಹೇಳಿಕೊಟ್ಟ ಉಪಾಯ: ಇಂಜಿನ್ ಓಡುತ್ತಿರುವಾಗಲೇ ಇಂಜಿನ್ನಿನ ಎಳೆತ ಇರುವ ಸಣ್ಣ ರಬ್ಬರ್ ಪೈಪುಗಳನ್ನು, ಅಂದ್ರೆ ವ್ಯಾಕ್ಯೂಮ್ ಪೈಪುಗಳನ್ನು, ಒಂದೊಂದಾಗಿ ಇಕ್ಕಳದಲ್ಲಿ ಒತ್ತಿ ಹಿಡಿಯುವುದು. ಫ್ಯಾನ್ ಬೆಲ್ಟ್‌ಗೆ ಕೈ, ಬಟ್ಟೆ ತಾಗದ ಹಾಗೆ ಜಾಗ್ರತೆ. ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹೋಗುವ ಮ್ಯಾನಿಫೋಲ್ಡ್ ಪಕ್ಕದ ಈ ಸಣ್ಣ ಪೈಪ್ ಒತ್ತಿದಾಗ ಕೇಳಿ... ನಡುಕ ನಿಂತಿತು. ಕ್ಲಿಪ್ ಅಡಿಯಲ್ಲಿ ಸೀಳು. ಹೊರಗಿನಿಂದ ಕಾಣುವುದೇ ಇಲ್ಲ, ಬಗ್ಗಿಸಿದರೆ ಮಾತ್ರ ಬಾಯಿ ಬಿಡುತ್ತದೆ.

ಆ ಪೈಪಿನ ಜೊತೆಗೆ ಪೆಟ್ರೋಲ್ ಪೈಪನ್ನೂ ಬದಲಿಸಿಬಿಟ್ಟೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಥನಾಲ್ ನೀರಿನ ಅಂಶವನ್ನೂ ಎಳೆದುಕೊಳ್ಳುತ್ತದೆ. ಮಾವನೋ, ಲೀಟರಿಗೆ ಸ್ವಲ್ಪ ಉಳಿಯುತ್ತದೆ ಅಂತ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದಾಗಲೆಲ್ಲ ಟ್ಯಾಂಕ್ ಫುಲ್ ಮಾಡಿಸಿ, ಆಮೇಲೆ ಗಾಡಿಯನ್ನು ವಾರಗಟ್ಟಲೆ ಶೆಡ್ಡಿನಲ್ಲೇ ಇಡುವವರು.

ಕೊನೆಗೆ ಇಂಜಿನ್ ಬಿಸಿಮಾಡಿ, ಚೋಕ್ ಪೂರ್ತಿ ಒಳಗೆ ತಳ್ಳಿ, ಲೈಟ್ ಆಫ್ ಮಾಡಿ, ಐಡಲ್ ಸ್ಕ್ರೂ ತಿರುಗಿಸಿ 900 ಆರ್‌ಪಿಎಂ ಆಸುಪಾಸಿಗೆ ತಂದೆ. ಎಸಿ ಹಾಕಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಎಸಿ ಹಾಕಿದಾಗ ಐಡ್ಲಿಂಗ್ ಏರಿಸುವ ಐಡಲ್ ಅಪ್ ಡಯಾಫ್ರಾಮ್ ನೋಡಬೇಕು. ಮಾವ ಆಗಲೇ ತೀರ್ಪು ಕೊಟ್ಟಾಯ್ತು: "ಎಸಿ ಎಂತಕ್ಕೆ? ಗ್ಲಾಸ್ ಇಳಿಸಿದರೆ ಸಾಕು."