ಅರ್ಧ ಚಮಚ ಎಣ್ಣೆ

ಎಲ್ಲರಿಗೂ ನಮಸ್ಕಾರ.

ಒಂದು ಕಿಲೋ ತೂಕದ ಮಗು. ದಿನ ತುಂಬುವ ಮೊದಲೇ ಹುಟ್ಟಿದೆ. ಕರುಳಿಗೆ ಇನ್ನೂ ಸಾಕಷ್ಟು ಹಾಲು ಅರಗಿಸುವ ಶಕ್ತಿ ಬಂದಿಲ್ಲ. ಡ್ರಿಪ್‌ನಲ್ಲಿ ಗ್ಲೂಕೋಸ್, ಪ್ರೋಟೀನ್, ಲವಣ ಎಲ್ಲ ಹೋಗುತ್ತಿದೆ. ಲಿಪಿಡ್, ಅಂದರೆ ನರಕ್ಕೆ ಕೊಡುವ ಕೊಬ್ಬಿನ ದ್ರಾವಣ, ಮಾತ್ರ ‘ನಾಲ್ಕು ದಿನ ಬಿಟ್ಟು ನೋಡೋಣ’ ಅಂತ ಮುಂದೂಡುತ್ತೇವೆ. ಕಾಮಾಲೆ ಇದೆ, ಸೋಂಕಿನ ಅನುಮಾನ ಇದೆ ಅಂತ ಏನಾದರೊಂದು ಕಾರಣ ಇದ್ದೇ ಇರುತ್ತದೆ. ಆ ನಾಲ್ಕು ದಿನದ ಬಗ್ಗೆಯೇ ಇವತ್ತು ಮಾತಾಡಬೇಕು.

ಲಿನೋಲಿಯಿಕ್, ಆಲ್ಫಾ ಲಿನೋಲೆನಿಕ್ ಅನ್ನುವ ಎರಡು ಕೊಬ್ಬಿನಾಮ್ಲಗಳನ್ನು ನಮ್ಮ ಮೈ ತಯಾರಿಸಿಕೊಳ್ಳಲಾರದು. ಹೊರಗಿನಿಂದಲೇ ಬರಬೇಕು. ದೊಡ್ಡವರಿಗೆ ಮೈಯಲ್ಲಿ ಕೊಬ್ಬಿನ ದಾಸ್ತಾನು ಇರುತ್ತದೆ. ಈ ಕೂಸಿಗೆ ಎಲ್ಲಿದೆ? ತೊಡೆಯ ಚರ್ಮ ಚಿವುಟಿ ನೋಡಿ, ಬೆರಳಿಗೆ ಬರೀ ಚರ್ಮ ಸಿಗುತ್ತದೆ. ಇದ್ದ ಚೂರುಪಾರೂ ಕರಗುವುದಿಲ್ಲ. ಹಗಲೂ ರಾತ್ರಿ ಗ್ಲೂಕೋಸ್ ಹರಿಯುವಾಗ ಇನ್ಸುಲಿನ್ ಏರಿರುತ್ತದೆ, ಅದು ಕೊಬ್ಬು ಕರಗಲು ಬಿಡುವುದಿಲ್ಲ. ಹಾಗಾಗಿ ಮೂರೇ ದಿನದಲ್ಲಿ ರಕ್ತದಲ್ಲಿ ಈ ಆಮ್ಲಗಳ ಕೊರತೆ ಶುರುವಾಗಬಹುದು. ಚರ್ಮ ಒಣಗಿ ಹೊಟ್ಟು ಏಳುವುದು, ತೂಕ ಏರದಿರುವುದು, ಪ್ಲೇಟ್‌ಲೆಟ್ ಇಳಿಯುವುದು ಎಲ್ಲ ಆಮೇಲೆ. ಚರ್ಮ ನೋಡಿ ಪತ್ತೆ ಹಚ್ಚುವ ಹೊತ್ತಿಗೆ ತಡವಾಗಿರುತ್ತದೆ.

ಇದು ಹೊಸ ವಿಷಯವೇನಲ್ಲ. 1929ರಲ್ಲೇ ಅಮೆರಿಕದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ, ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಬಾಲದಲ್ಲಿ ಹೊಟ್ಟು ಎದ್ದಿದ್ದನ್ನು ಕಂಡಿದ್ದರು. ಮುಂದೆ ಅದೇ ದೇಶದಲ್ಲಿ ಕೊಬ್ಬಿಲ್ಲದ ಡ್ರಿಪ್ ಮೇಲೆ ಬೆಳೆದ ಶಿಶುಗಳಲ್ಲೂ ಅದೇ ಕಾಣಿಸಿತು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಅಷ್ಟರಲ್ಲಾಗಲೇ ಸೋಯಾ ಎಣ್ಣೆಗೆ ಮೊಟ್ಟೆಯ ಲೆಸಿಥಿನ್ ಸೇರಿಸಿ, ನರಕ್ಕೆ ಕೊಡಬಹುದಾದ ಹಾಲಿನಂಥ ದ್ರಾವಣ ಮಾಡಿದ್ದರು.

ಕೊರತೆ ತಡೆಯಲು ಎಷ್ಟು ಬೇಕು ಗೊತ್ತಾ? ಸೋಯಾ ದ್ರಾವಣವಾದರೆ ಕಿಲೋಗೆ ದಿನಕ್ಕೆ ಸುಮಾರು 0.5 ಗ್ರಾಂ ಕೊಬ್ಬು. ಶೇಕಡಾ 20ರ ಬಾಟಲಿಯಿಂದ 2.5 ಎಂ.ಎಲ್. ಅರ್ಧ ಚಮಚ, ಅಷ್ಟೇ! ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 0.1 ಎಂ.ಎಲ್. ಪಂಪ್ ಓಡುತ್ತಿದೆಯಾ ಅಂತ ಬಗ್ಗಿ ನೋಡಬೇಕು, ಅಷ್ಟು ನಿಧಾನ. ಬೆಳವಣಿಗೆಗೆ ಇದಕ್ಕಿಂತ ಜಾಸ್ತಿ ಬೇಕು, ಸರಿ. ಆದರೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, ಏರಿತು ಅಂತ ಸುಮ್ನೆ ಪೂರ್ತಿ ನಿಲ್ಲಿಸಬೇಡಿ. ಇಳಿಸಿ, ಆದರೆ ಈ ಅರ್ಧ ಚಮಚ ಉಳಿಸಿ.

ಇನ್ನೊಂದು ಕಡೆ ಎಡವುತ್ತೇವೆ. ಯಕೃತ್ತಿಗೆ ತೊಂದರೆಯಾದಾಗ ಸೋಯಾ ಲಿಪಿಡ್ಡನ್ನು ಕಿಲೋಗೆ ದಿನಕ್ಕೆ 1 ಗ್ರಾಂಗೆ ಇಳಿಸುವ ರೂಢಿ ಇದೆ. ಸೋಯಾ ಎಣ್ಣೆಯ ಅರ್ಧದಷ್ಟು ಲಿನೋಲಿಯಿಕ್ ಆಮ್ಲವೇ ಆದ್ದರಿಂದ ಅಷ್ಟು ಸಾಕಾಗುತ್ತದೆ. ಅದೇ ಲೆಕ್ಕವನ್ನು ಆಲಿವ್, ಮೀನೆಣ್ಣೆ ಬೆರೆಸಿದ ಹೊಸ ದ್ರಾವಣಕ್ಕೆ ಹಾಕಿದರೆ? ಅದರಲ್ಲಿ ಸೋಯಾ ಇರುವುದು ಶೇಕಡಾ 30 ಮಾತ್ರ. ಒಂದು ಗ್ರಾಂ ಸಾಲದೆ ಹೋಗಬಹುದು. ಬಾಟಲಿ ಕೈಗೆತ್ತಿಕೊಂಡಾಗ ಯಾವ ಎಣ್ಣೆ ಅಂತ ಲೇಬಲ್ ಓದಿ. ಸಿಸ್ಟರ್‌ಗಳಿಗೆ ಈ ಮಾತು ಒತ್ತಿ ಹೇಳುತ್ತೇನೆ, ಸಿರಿಂಜ್ ತುಂಬುವುದು ನೀವೇ ಅಲ್ವಾ?

ಅಜ್ಜಿಯರು ಕೇಳುತ್ತಾರೆ, ‘ಡಾಕ್ಟ್ರೇ, ಮೈಗೆ ಎಣ್ಣೆ ಸವರಿದರೆ ಆಗಲ್ವಾ?’ ದಡ್ಡ ಪ್ರಶ್ನೆಯಲ್ಲ ಅದು. ಸೂರ್ಯಕಾಂತಿ ಎಣ್ಣೆ ಸವರಿ ಕೊರತೆ ನೀಗಿಸಿದ್ದಾಗಿ 1976ರಲ್ಲಿ ವರದಿಯಾಗಿತ್ತು. 1978ರಲ್ಲಿ ಇನ್ನೊಂದು ತಂಡ ಮಾಡಿ ನೋಡಿದಾಗ ಆಗಲಿಲ್ಲ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ನಾನು ಅವರಿಗೆ ಹೇಳುವುದಿಷ್ಟು: ‘ಅಮ್ಮಾ, ಮಗಳಿಗೆ ಹಾಲು ಹಿಂಡಿ ಕೊಡಲು ಹೇಳಿ. ಮಗುವಿಗೆ ಬೇಕಾದ ಎಣ್ಣೆ ಅದರಲ್ಲೇ ಇದೆ. ಟ್ಯೂಬ್‌ನಲ್ಲಿ ಒಂದೊಂದೇ ಎಂ.ಎಲ್. ಶುರು ಮಾಡುತ್ತೇವೆ.’