ಕೊಳದ ನೀರು ಹಸಿರಾದಾಗ

ಕೇಳುಗರಿಗೆ ನಮಸ್ಕಾರ.

ಕೈತೋಟದಲ್ಲಿ ಪುಟ್ಟ ಕೊಳ ಮಾಡಿಕೊಂಡವರಿಗೆಲ್ಲ ಒಂದಲ್ಲ ಒಂದು ಬೆಳಗ್ಗೆ ಇದು ಎದುರಾಗುತ್ತದೆ. ಮೊನ್ನೆಯವರೆಗೂ ತಳದ ಕಲ್ಲು ಎಣಿಸಬಹುದಾಗಿದ್ದ ನೀರು ಇಂದು ಪಾಚಿಯಿಂದಾಗಿ ಮಂಕು ಹಸಿರು. ಮೊಣಕೈವರೆಗೆ ಕೈ ಮುಳುಗಿಸಿದರೆ ನಿಮ್ಮದೇ ಅಂಗೈ ನಿಮಗೆ ಕಾಣುವುದಿಲ್ಲ.

ಮೊದಲ ಸಲ ಹೀಗಾದಾಗ ನಾನು ನೀರನ್ನೆಲ್ಲ ಹೊರಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆದು, ಹೊಸದಾಗಿ ನಲ್ಲಿ ನೀರು ತುಂಬಿಸಿದೆ. ಎರಡು ವಾರ ಕಳೆಯಲಿಲ್ಲ, ಮತ್ತೆ ಹಸಿರು, ಮೊದಲಿಗಿಂತ ದಟ್ಟವಾಗಿ. ಹೊಸ ನೀರು ತನ್ನೊಂದಿಗೆ ಹೊಸ ಲವಣಗಳನ್ನು ತಂದಿತ್ತು. ಕಲ್ಲಿನ ಮೇಲೆ ನೆಲೆನಿಂತು ಮೀನಿನ ಕಸವನ್ನು ಅರಗಿಸುತ್ತಿದ್ದ ಬ್ಯಾಕ್ಟೀರಿಯಾಗಳನ್ನು ನಾನೇ ತಿಕ್ಕಿ ತೆಗೆದಿದ್ದೆ. ಹೊಸ ಕೊಳ ಮೊದಲ ಕೆಲವು ವಾರ ಹಸಿರಾಗುವುದು ಸಹಜ. ಗಿಡಗಳು ಬೇರೂರಿ, ಪಾಚಿ ತಿನ್ನುವ ಡಾಫ್ನಿಯಾದಂಥ ಸಣ್ಣ ಜೀವಿಗಳು ಹೆಚ್ಚಿದ ಮೇಲೆ ನೀರು ತಾನಾಗಿ ತಿಳಿಯಾಗತೊಡಗುತ್ತದೆ. ಆ ತನಕ ಕಾಯುವುದು ಕಷ್ಟ, ಆದರೂ ಕಾಯಬೇಕು.

ಪಾಚಿಯನ್ನು ತೆಗೆಯುವುದು ಹೇಗೆ ಎಂದು ಕೇಳುವ ಮೊದಲು ಅದಕ್ಕೆ ಊಟ ಎಲ್ಲಿಂದ ಸಿಗುತ್ತಿದೆ ಎಂದು ನೋಡಬೇಕು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರದ ನಡುವೆ ಪರದೆ ಇಳಿಬಿಟ್ಟು ಅದನ್ನು ಎರಡು ಭಾಗ ಮಾಡಿದರು. ಇಂಗಾಲ, ಸಾರಜನಕಗಳನ್ನು ಎರಡೂ ಕಡೆಗೆ ಹಾಕಿದರು, ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಒಂದೇ ಕಡೆಗೆ. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು, ಪರದೆಯಾಚೆಯ ನೀರು ತಿಳಿಯಾಗಿಯೇ ಉಳಿಯಿತು. ಒಣಗಿದ ಪಾಚಿಯ ತೂಕದಲ್ಲಿ ರಂಜಕ ಇರುವುದು ಶೇಕಡಾ 1ರ ಆಸುಪಾಸು. ಅಂದರೆ ಚಿಟಿಕೆಯಷ್ಟು ರಂಜಕ ಸಿಕ್ಕರೂ ಪಾಚಿ ಬುಟ್ಟಿಗಟ್ಟಲೆ ಬೆಳೆದೀತು.

ಆ ಚಿಟಿಕೆಯನ್ನು ಹೆಚ್ಚಾಗಿ ಹಾಕುವವರು ನಾವೇ, ಮೀನಿನ ಆಹಾರದ ರೂಪದಲ್ಲಿ. ಮೀನುಗಳು ಮೇಲೆ ಬಂದು ಬಾಯಿ ತೆರೆದಾಗ ಇನ್ನೊಂದಿಷ್ಟು ಹಾಕೋಣ ಅನಿಸುತ್ತದೆ. ನಾಲ್ಕೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಮುಳುಗಿದ ಪ್ರತಿಯೊಂದು ಕಾಳೂ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ಉದುರಿದ ಎಲೆಗಳನ್ನು ಮುಳುಗುವ ಮುನ್ನವೇ ಬಲೆಯಿಂದ ಎತ್ತಿಬಿಡಿ. ಗಿಡಗಳಿಗೆ ಹಾಕಿದ ಗೊಬ್ಬರ ಮಳೆ ನೀರಿನೊಂದಿಗೆ ಕೊಳಕ್ಕೆ ಹರಿಯದಂತೆ ಅಂಚನ್ನು ಸ್ವಲ್ಪ ಎತ್ತರಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ಕ್ಲೋರಿನ್ ಬಿದ್ದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ಬಕೆಟ್ ಕೊಳದ ನೀರಿನಲ್ಲೇ ಹಿಂಡಿ ತೆಗೆಯಿರಿ.

ಇನ್ನು ಬಿಸಿಲು. ನೈದಿಲೆಯಂತಹ ತೇಲೆಲೆಯ ಗಿಡಗಳು ನೀರಿನ ಮೇಲ್ಮೈಯ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಹರಡಿದರೆ ಕೆಳಗಿನ ಪಾಚಿಗೆ ಬೆಳಕು ಕಡಿಮೆಯಾಗುತ್ತದೆ. ಗಿಡಗಳು ಅದರ ಊಟಕ್ಕೂ ಪಾಲುದಾರರಾಗುತ್ತವೆ. ಹಳದಿಯಾದ ಎಲೆಯನ್ನು ಆಗಿಂದಾಗ್ಗೆ ಕತ್ತರಿಸಿ ಹೊರಗೆ ಹಾಕಿ, ಇಲ್ಲದಿದ್ದರೆ ಗಿಡ ಹೀರಿದ್ದೆಲ್ಲ ಮರಳಿ ನೀರಿಗೇ ಸೇರುತ್ತದೆ.

ಔಷಧಿ ಸುರಿಯುವ ಆತುರ ಮಾತ್ರ ಬೇಡ. ಪರಿಚಿತರೊಬ್ಬರು ಬೇಸಿಗೆಯಲ್ಲಿ ಪಾಚಿನಾಶಕ ಹಾಕಿ, ಎರಡು ದಿನದ ನಂತರ ಬೆಳಗಿನ ಜಾವ ನನ್ನನ್ನು ಕರೆದರು. ಮೀನುಗಳೆಲ್ಲ ಮೇಲ್ಮೈಗೆ ಬಂದು, ಬಾಯಿ ನೀರಿನಿಂದ ಹೊರಗಿಟ್ಟು ಗುಟುಕು ಗುಟುಕಾಗಿ ಉಸಿರಿಗೆ ಹಾತೊರೆಯುತ್ತಿದ್ದವು. ಒಂದು ಆಗಲೇ ಮಗ್ಗುಲಾಗಿತ್ತು. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಅದು ಮೊದಲೇ ಕಡಿಮೆ: 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೆ. ರಾತ್ರಿ ಬೆಳಕಿಲ್ಲದಾಗ ಬದುಕಿರುವ ಪಾಚಿಯೂ ಆಮ್ಲಜನಕವನ್ನು ಕೊಡದೆ ಬಳಸತೊಡಗುತ್ತದೆ. ಅದಕ್ಕೇ ಮೀನಿಗೆ ಸಂಕಟ ಮುಂಜಾವಿನಲ್ಲಿ. ಆ ದಿನ ಪಂಪು, ಕಾರಂಜಿ ಎಲ್ಲ ಚಾಲೂ ಮಾಡಿ ಉಳಿದವನ್ನು ಉಳಿಸಿಕೊಂಡೆವು. ಬೇಸಿಗೆಯ ರಾತ್ರಿಗಳಲ್ಲಿ ಕಾರಂಜಿ ನಿಲ್ಲಿಸಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಅಲ್ಟ್ರಾವಯೊಲೆಟ್ ದೀಪದ ಬಗ್ಗೆ ಬಹಳ ಜನ ಕೇಳುತ್ತಾರೆ. ನೀರಲ್ಲಿ ತೇಲುವ ಒಂಟಿಕೋಶದ ಪಾಚಿಗೆ ಅದು ಒಳ್ಳೆಯದು. ದೀಪದ ಮುಂದೆ ಹಾದುಹೋದ ಕೋಶಗಳು ಸತ್ತು ಮುದ್ದೆಯಾಗಿ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತವೆ. ಕಲ್ಲಿಗೆ ಅಂಟಿ ಬೆಳೆಯುವ ಎಳೆಪಾಚಿ ದೀಪದ ಬಳಿಗೇ ಬರುವುದಿಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ.

ನೀರಿನ ಮೇಲೆ ಹಸಿರು ಕೆನೆ ಕಂಡರೆ ಒಂದು ಕೋಲು ಅದ್ದಿ ನೋಡಿ. ಪೇಂಟ್ ಬಳಿದಂತೆ ಕೋಲಿಗೆ ಮೆತ್ತಿಕೊಂಡರೆ ಅದು ನೀಲಿಹಸಿರು ಪಾಚಿ ಇರಬಹುದು. ಹೆಸರು ಪಾಚಿಯಾದರೂ ನಿಜದಲ್ಲಿ ಅದು ಬ್ಯಾಕ್ಟೀರಿಯಾ, ಕೆಲವು ಬಗೆಗಳು ವಿಷ ಬಿಡುತ್ತವೆ. ಮಕ್ಕಳನ್ನೂ ನಾಯಿ, ದನಗಳನ್ನೂ ಆ ನೀರಿನ ಹತ್ತಿರ ಬಿಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಕೋಲಿನಿಂದ ಎಳೆ ಎಳೆಯಾಗಿ ಜೋತುಬಿದ್ದರೆ ಅದು ಎಳೆಪಾಚಿ. ಒರಟು ತುದಿಯ ಕೋಲನ್ನು ತಿರುಗಿಸುತ್ತ ಹೋದರೆ ದಾರದುಂಡೆಯಂತೆ ಸುತ್ತಿಕೊಂಡು ಬರುತ್ತದೆ. ಎತ್ತಿದ ಪ್ರತಿ ಉಂಡೆಯೊಂದಿಗೆ ಅದು ಹೀರಿದ್ದ ರಂಜಕವೂ ಕೊಳದಿಂದ ಹೊರಬರುತ್ತದೆ. ತೆಗೆದದ್ದನ್ನು ಒಂದು ರಾತ್ರಿ ಕೊಳದ ಅಂಚಿನಲ್ಲೇ ಬಿಡಿ. ಅದರೊಳಗೆ ಸಿಕ್ಕಿಕೊಂಡ ಬಸವನಹುಳುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ತೆವಳಿ ನೀರಿಗೆ ಮರಳಲಿ. ಮರುದಿನ ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ.

ನಮಸ್ಕಾರ.